ಸ್ನಾನ ಮಾಡಿಸಲು ಒಪ್ಪದ ಉಮಾವತಿ

ಬೆಳಗಿನ ಏಳೂವರೆ. ಸಿಂಗಪುರದ ಬಿಶಾನಿನ ಹದಿಮೂರನೇ ಮಹಡಿಯ ಫ್ಲ್ಯಾಟಿನ ಬಚ್ಚಲಲ್ಲಿ ಉಮಾವತಿ ಗಿಡ್ಡ ಸ್ಟೂಲಿನ ಮೇಲೆ ಕಾಲು ನೀಡಿ ಕೂತಿದ್ದಾರೆ. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು, ಹದ ಮಾಡಿದ ಬಿಸಿನೀರು. ಆರು ದಿನದ ಹೆಣ್ಣುಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೂ ಎಣ್ಣೆ ಮುಟ್ಟುವುದಿಲ್ಲ. ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗುತ್ತಾರೆ. ಅದರ ಅಂಗಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬಿಟ್ಟು, ಚರ್ಮದ ಬಣ್ಣ ನೋಡುತ್ತಾರೆ.

"ರಾತ್ರಿ ಎಷ್ಟು ಸಲ ಹಾಲು ಕುಡಿಯಿತು?"

"ಎರಡೇ ಸಲ ಆಂಟಿ. ಎಬ್ಬಿಸಿದ್ರೂ ಏಳ್ತಿಲ್ಲ," ಎನ್ನುತ್ತಾಳೆ ಬಾಣಂತಿ ಪದ್ಮಜಾ.

"ಇವತ್ತು ಸ್ನಾನ ಇಲ್ಲ. ಈಗಲೇ ಡಾಕ್ಟರ್ ಹತ್ರ ಹೋಗಿ."

ಉಮಾವತಿ ಉಡುಪಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷ ದಾದಿಯಾಗಿದ್ದವರು. ಹೆರಿಗೆ ಮಾಡಿಸಿದವರು, ಚುಚ್ಚುಮದ್ದು ಕೊಟ್ಟವರು. ಗಂಡ ಜಯರಾಮರಿಗೆ ಜುರಾಂಗಿನಲ್ಲಿ ಕೆಲಸವಾದ ಮೇಲೆ ಬೂನ್ ಲೇಗೆ ಬಂದರು. ಇಲ್ಲಿ ನರ್ಸಿಂಗ್ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳದೆ ಯಾರೂ ನರ್ಸ್ ಆಗುವಂತಿಲ್ಲ. ಇವರ ಅರ್ಜಿಗೆ ಬಂದ ಉತ್ತರ ಮೂರೇ ಸಾಲು: ಊರಿನ ತರಬೇತಿ ಸಾಲದು, ಮತ್ತೆ ಓದಬೇಕು. ಆಗ ಅವರಿಗೆ ನಲವತ್ತನಾಲ್ಕು.

ಓದಲಿಲ್ಲ. ಕನ್ನಡದ ಮನೆಗಳಲ್ಲಿ ಬಾಣಂತನ ಹಿಡಿದರು. ದಿನಕ್ಕೆ ಎರಡು ಮನೆ, ಒಂದೊಂದರಲ್ಲಿ ನಲವತ್ತು ದಿನ. ಈ ವರ್ಷ, 2007ಕ್ಕೆ, ಒಟ್ಟು ಅರವತ್ತೊಂದು ಕೂಸುಗಳಾದವು. ಮೊದಲ ದಿನವೇ ಮನೆಯವರಿಗೆ ಹೇಳಿಬಿಡುತ್ತಾರೆ: ಹೊಕ್ಕುಳು ಮುಟ್ಟುವುದಿಲ್ಲ, ಕಿವಿಗೆ ಎಣ್ಣೆ ಬಿಡುವುದಿಲ್ಲ, ಮದ್ದು ಕೊಡುವುದಿಲ್ಲ. "ಕೈಗೆ ಎಲ್ಲಾ ಗೊತ್ತುಂಟು. ಅದನ್ನ ಸುಮ್ಮನೆ ಇರಿಸೋದೇ ನನ್ನ ಕೆಲಸ," ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನೆದುರು ನಗುತ್ತಾರೆ.

ಆದರೆ ಇಂದು ಮೈಸೂರಿನಿಂದ ಬಂದಿರುವ ಅಜ್ಜಿ ವೇದಾವತಿ ನಗುತ್ತಿಲ್ಲ.

"ಬಿಸಿಲಿಗೆ ಹಿಡಿದ್ರೆ ಸರಿಹೋಗುತ್ತೆ. ಪದ್ಮಜಾನ ನಾನು ಹೆತ್ತಾಗ ಇವಳಿಗೂ ಹಾಗೇ ಆಗಿತ್ತು. ಎಣ್ಣೆ ಹಚ್ಚೋಕೂ ಇಲ್ಲಿ ಸರ್ಕಾರದ ಅಪ್ಪಣೆ ಬೇಕೇನಮ್ಮ?"

"ಎಣ್ಣೆಗೆ ಬೇಡ ಅಮ್ಮಾ."

"ಹಾಗಾದ್ರೆ ಏನಾಗಿದೆ ಅಂತ ನೀನೇ ಹೇಳು. ಅಷ್ಟು ವರ್ಷ ನರ್ಸ್ ಆಗಿದ್ದೋಳು!"

"ಹೇಳುವಂತಿಲ್ಲ. ನಾನು ಹೆಸರು ಹೇಳಿದ್ರೆ ನೀವು ಮದ್ದು ಕೇಳ್ತೀರಿ. ಮದ್ದು ಕೊಟ್ರೆ ನೀವು ಮನೇಲೇ ಉಳೀತೀರಿ. ಹೊತ್ತು ಹೋಗ್ತದೆ."

"ಸ್ನಾನ ಮಾಡಿಸದೆ ಹೋದ್ರೆ ನಾಳೆಯಿಂದ ಬರಬೇಡ."

"ಆಯ್ತು, ಬರೋದಿಲ್ಲ. ಮಗುವನ್ನ ಮಾತ್ರ ಕರ್ಕೊಂಡು ಹೋಗಿ."

ಉಮಾವತಿ ಬಕೆಟ್ಟಿನ ನೀರನ್ನು ಬಚ್ಚಲಿಗೆ ಸುರಿಯುತ್ತಾರೆ. ಬಾಣಂತಿ ಮನೆಯಲ್ಲಿ ಕಾಯಿಸಿದ ನೀರನ್ನು ಯಾರೂ ಮೀಯದೆ ಚೆಲ್ಲುವ ಆ ಸದ್ದಿಗೆ ಅಜ್ಜಿಯೂ ಬೆಚ್ಚುತ್ತಾರೆ. ಪದ್ಮಜಾ ಇನ್ನೇನೂ ಕೇಳದೆ ಟ್ಯಾಕ್ಸಿಗೆ ಫೋನ್ ಮಾಡುತ್ತಾಳೆ.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಹತ್ತು ಗಂಟೆ. ಕಾಮಾಲೆ ಏರಿದೆ, ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಇಂದೇ ತಂದದ್ದು ಒಳ್ಳೆಯದಾಯಿತು, ಇನ್ನೂ ಏರಿದ್ದರೆ ಮಿದುಳಿಗೆ ತೊಂದರೆಯಾಗುತ್ತಿತ್ತು, ಎನ್ನುತ್ತಾರೆ ಡಾಕ್ಟರ್. ಆಮೇಲೆ, ಅವರ ಜೊತೆಗೇ ಬಂದು ಗೋಡೆಗೆ ಒರಗಿ ನಿಂತ ಉಮಾವತಿಯತ್ತ ತಿರುಗಿ, "ನೀವು ನರ್ಸಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ.

ವೇದಾವತಿ ತಲೆ ಎತ್ತಿ ನೋಡುತ್ತಾರೆ. ಉಮಾವತಿ, "ಇಲ್ಲ ಡಾಕ್ಟರ್. ಸ್ನಾನ ಮಾಡಿಸೋಳು," ಎನ್ನುತ್ತಾರೆ.

ಹೊರಗೆ ಬಸ್ ಸ್ಟಾಪಿನಲ್ಲಿ, ಇಲ್ಲಿನ ಲೈಸೆನ್ಸ್ ಇದ್ದಿದ್ದರೆ ಅನ್ನಿಸಲಿಲ್ಲವೇ ಎಂದು ನಾನು ಉಮಾವತಿಯನ್ನು ಕೇಳುತ್ತೇನೆ.

"ಅನ್ನಿಸ್ತದೆ. ಸುಳ್ಳು ಯಾಕೆ ಹೇಳಲಿ. ಆದ್ರೆ ಈಗ ಅದಲ್ಲ. ಮಗು ಮನೆಗೆ ಬರಲಿ, ಆ ಅಜ್ಜಿ ಕರೀಲಿ. ಆ ಕೂಸಿಗೆ ಇವತ್ತಿನ ಒಂದು ಸ್ನಾನ ಬಾಕಿ ಉಂಟು."