ಅಪ್ಪನ ಎದೆಯೊಳಗಿನ ಥ್ಯಾಲಿಯಂ

ಕೆಲವು ಪರಮಾಣುಗಳ ನ್ಯೂಕ್ಲಿಯಸ್ ತನ್ನ ಸುತ್ತಲಿನ ಎಲೆಕ್ಟ್ರಾನೊಂದನ್ನೇ ಒಳಗೆಳೆದುಕೊಳ್ಳುತ್ತದೆ. ಆಗ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ, ಧಾತುವೇ ಬದಲಾಗುತ್ತದೆ. ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ವರ್ಷಾವರ್ಷ ಈ ಪಾಠವನ್ನು ಹತ್ತೇ ನಿಮಿಷದಲ್ಲಿ ಮುಗಿಸುತ್ತಿದ್ದವಳು ನಾನು. ಇದರಿಂದ ಏನು ಪ್ರಯೋಜನ ಮೇಡಂ ಎಂದು ಯಾರಾದರೂ ಕೇಳಿದರೆ, ಎರಡು ಅಂಕ ಬರುತ್ತದೆ, ಬರೆದುಕೊಳ್ಳಿ ಎಂದು ಗದರುತ್ತಿದ್ದೆ.

ಅಪ್ಪನಿಗೆ ಹೃದಯಾಘಾತವಾದ ಮೇಲೆ ಬೆಂಗಳೂರಿನ ವೈದ್ಯರು ಥ್ಯಾಲಿಯಂ ಸ್ಕ್ಯಾನ್ ಬರೆದುಕೊಟ್ಟರು. ಹೃದಯದ ಒಂದು ಬದಿ ಸರಿಯಾಗಿ ಮಿಡಿಯುತ್ತಿರಲಿಲ್ಲ. ಅದು ಸತ್ತಿದ್ದರೆ ಆಪರೇಷನ್ ಮಾಡಿಯೂ ಫಲವಿಲ್ಲ, ಜೀವವಿದ್ದರೆ ಅಪ್ಪ ಉಳಿಯುತ್ತಾರೆ ಎಂದು ನಮ್ಮಿಬ್ಬರ ಎದುರೇ ಹೇಳಿದರು. ಮಾರಿಕುಪ್ಪಂನಲ್ಲಿ ರೈಲು ಹತ್ತಿದ ಮೇಲೆ, ಸೂಜಿಯಲ್ಲಿ ಏನು ಕೊಡುತ್ತಾರೆ ಎಂದು ಅಪ್ಪ ಕೇಳಿದರು. ನನಗೋ ಪಾಠ ಹೇಳುವ ಚಪಲ. ಥ್ಯಾಲಿಯಂ ರಕ್ತದ ಜೊತೆ ಹೋಗಿ ಜೀವವಿರುವ ಸ್ನಾಯುವನ್ನು ಸೇರುತ್ತದೆ, ಅಲ್ಲಿ ಅದರ ನ್ಯೂಕ್ಲಿಯಸ್ ಎಲೆಕ್ಟ್ರಾನನ್ನು ನುಂಗುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಎಲೆಕ್ಟ್ರಾನ್ ಇಳಿಯುವಾಗ ಹೊರಡುವ ಕಿರಣವನ್ನು ಕ್ಯಾಮೆರಾ ಹಿಡಿಯುತ್ತದೆ ಎಂದೆ. ಅಲ್ಲಿಗೆ ಬಾಯಿ ಮುಚ್ಚಬಾರದೆ? ನುಂಗಿದ ಮೇಲೆ ಥ್ಯಾಲಿಯಂ ಪಾದರಸವಾಗುತ್ತದೆ ಎಂದೂ ಹೇಳಿಬಿಟ್ಟೆ.

ಅಪ್ಪ ಚಿನ್ನದ ಗಣಿಯ ಮಿಲ್ಲಿನಲ್ಲಿ ಪಾದರಸ ಬಳಸಿ ಚಿನ್ನ ಬೇರ್ಪಡಿಸುತ್ತಿದ್ದವರು. ಬಂಗಾರಪೇಟೆ ಬಂದದ್ದೇ ತಡ, ಚೀಲ ಎತ್ತಿಕೊಂಡು ಇಳಿದೇಬಿಟ್ಟರು.

"ಪಾದರಸ ಮುಟ್ಟಿ ಕೈ ನಡುಗೋರ್ನ ನೋಡಿವ್ನಿ. ನಾನ್ ಬರಲ್ಲ" ಎಂದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತರು. ಕಣ್ಣಿಗೆ ಕಾಣದಷ್ಟು, ತೂಕಕ್ಕೂ ಸಿಗದಷ್ಟು ಎಂದು ನಾನು ವಾದಿಸುತ್ತಿರುವಾಗಲೇ ರೈಲು ಹೊರಟುಹೋಯಿತು. ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದರೆ ಅಳು ಬಂತು.

"ನಂಗೆ ಭಯ ಆಗ್ತೈತೆ ಕಣಪ್ಪಾ, ಬಾ" ಎಂದೆ. ಅವರು ಚೀಲ ಎತ್ತಿಕೊಂಡು ಮುಂದಿನ ರೈಲು ಹತ್ತಿದರು.

ಸ್ಕ್ಯಾನಿನ ಮೊದಲ ಚಿತ್ರದಲ್ಲಿ ಹೃದಯದ ಆ ಬದಿ ಥ್ಯಾಲಿಯಂ ಸೇರದೆ ಕಪ್ಪಾಗಿತ್ತು. ಕೆಲವು ಗಂಟೆ ಬಿಟ್ಟು ತೆಗೆದ ಎರಡನೆಯದರಲ್ಲಿ ಅಲ್ಲೂ ನಿಧಾನವಾಗಿ ಬೆಳಕು ತುಂಬಿಕೊಂಡಿತ್ತು. ಜೀವವಿದೆ, ಆಪರೇಷನ್ ಮಾಡಬಹುದು ಎಂದರು ವೈದ್ಯರು.

ಅಪ್ಪ ಅಂಗಿಯ ಗುಂಡಿ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಸತ್ತೋಗೈತೆ ಅಂದ್ಬುಟ್ರೆ ನೀನ್ ಎಂಗ್ ತಡ್ಕೊಂತೀಯ ಅಂತ್ಲೇ ಕಣಮ್ಮಣ್ಣಿ ನಾನ್ ರೈಲಿಳ್ದಿದ್ದು."