ಎಡೆಯ ಮುಂದಿನ ಬೀಡಿ ಕಟ್ಟು

ಮೊನ್ನೆ ಸೊಸೆ ಸಂತೆಯಿಂದ ಮಾವಿನಹಣ್ಣು ತಂದಳು. ಬುಟ್ಟಿ ಬಿಚ್ಚಿದ ಕೂಡಲೇ ಕಾರ್ಬೈಡಿನ ಘಾಟು ಮೂಗಿಗೆ ಬಡಿಯಿತು, ಕೊಳೆತ ಬೆಳ್ಳುಳ್ಳಿಯ ಹಾಗೆ. ಈಗಲೇ ವಾಪಸ್ ಕೊಟ್ಟು ಬಾ ಎಂದೆ. ಅವಳಿಗೆ ಅದು ಹಣ್ಣು ಮಾಗಿಸುವ ಪುಡಿ. ನನಗೆ ಅದು ಗ್ಯಾಸಿನ ಮಿಸ್ತ್ರಿ...

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯವನು. ನಿಜಾಮರ ಆಳ್ವಿಕೆ, ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿದ್ದ ಕಾಲ. ಬೆಂಕಿಯಿಂದ ಕಬ್ಬಿಣ ಕೊಯ್ಯುವವನು ಊರಿಗೆಲ್ಲ ಅವನೊಬ್ಬನೇ. ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟು ಗ್ಯಾಸು ಎಬ್ಬಿಸುತ್ತಿದ್ದ. ಅದಕ್ಕೆ ಕೂಡಿಸುವ ಆಕ್ಸಿಜನ್ ಸಿಲಿಂಡರು ರೈಲಿನಲ್ಲಿ ಗಿಣಿಗೇರಾಕ್ಕೆ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ಊರು ಸೇರುತ್ತಿತ್ತು. ನನ್ನ ಅಣ್ಣ ಅವನ ಕೈಕೆಳಗೆ ಪಳಗಿ, ತಾನೇ ಕೊಯ್ಯುವಷ್ಟು ಕೆಲಸ ಕಲಿತಿದ್ದ. ಮಿಸ್ತ್ರಿಯನ್ನು ನಾವು ಕಾಕಾ ಎನ್ನುತ್ತಿದ್ದೆವು.

ಅಕ್ಕಿ ಗಿರಣಿಯವರಿಗೆ ಇಂಜಿನ್ನು ತಣ್ಣಗಿಡಲು ನೀರಿನ ತೊಟ್ಟಿ ಬೇಕಾಗಿತ್ತು. ಎಣ್ಣೆಯ ಖಾಲಿ ಡ್ರಮ್ಮಿನ ತಲೆ ಕೊಯ್ದರೆ ಆಯಿತು. ಎಣ್ಣೆ ಮುಗಿದರೂ ಅದರ ಹಬೆ ಡ್ರಮ್ಮಿನೊಳಗೆ ನಿಂತಿರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. ಅದಕ್ಕೇ ಮೊದಲು ನೀರು ತುಂಬಿ ಆಮೇಲೆ ಕೊಯ್ಯಬೇಕು. ಇದನ್ನು ಅಣ್ಣನಿಗೆ ಕಲಿಸಿದವನೂ ಮಿಸ್ತ್ರಿಯೇ. ಆ ದಿನ ನಾನು ಅಣ್ಣನಿಗೆ ಬುತ್ತಿ ಒಯ್ದಿದ್ದೆ.

"ಕಾಕಾ, ನೀರು ತುಂಬಲೇನ್ರಿ?" ಎಂದು ಅಣ್ಣ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

"ಕೊಯ್ದ ಮ್ಯಾಲ ಹೆಂಗೂ ನೀರು ತುಂಬೋದು ಐತೆಲ್ಲೋ. ಒಂದ ಕೆಲಸ ಎರಡ ಸಲ ಯಾಕ? ಹಚ್ಚು."

ಬುತ್ತಿ ಕೊಟ್ಟು ಹೊರಟ ನಾನು ಇನ್ನೂ ಓಣಿಯ ತಿರುವು ಮುಟ್ಟಿರಲಿಲ್ಲ. ಹಿಂದೆ ಸಿಡಿಲು ಬಿದ್ದಂತಾಯಿತು... ಅಣ್ಣನ ಮುಖವನ್ನು ಅವ್ವನಿಗೂ ತೋರಿಸಲಿಲ್ಲ.

ಮಿಸ್ತ್ರಿ ನಮ್ಮ ಅಂಗಳದಲ್ಲಿ ಕುಳಿತು ಎದೆ ಎದೆ ಬಡಿದುಕೊಂಡ. ಹುಡುಗ ಡ್ರಮ್ಮಿನ ಹತ್ತಿರವೇ ಬೀಡಿ ಹಚ್ಚಿದ, ನಾನೇನು ಮಾಡಲಿ ಎಂದು ಅತ್ತ. ಬೀಡಿ! ಒಲೆಯ ಹೊಗೆಗೇ ಕೆಮ್ಮಿ ಹೊರಗೋಡುತ್ತಿದ್ದ ನನ್ನ ಅಣ್ಣ. ನಾನು ಕೇಳಿದ್ದನ್ನು ಹೇಳಿದರೆ ಅವ್ವ ನನ್ನನ್ನೇ ಬೈದಳು. "ಹೊಟ್ಟಿ ಉರೀಗೆ ದೇವರಂಥ ಮನಶ್ಯಾನ ಮ್ಯಾಲ ಹೊರಿಸಬ್ಯಾಡ. ಹರೇದ ಹುಡುಗ, ಕದ್ದು ಸೇದಿದ್ದಾನು."

ಮಾನವಮಿ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವಾಗ ಅವರು ಆಸೆಪಟ್ಟದ್ದನ್ನೆಲ್ಲ ಇಡುವುದು ನಮ್ಮ ರೂಢಿ. ಅವ್ವ ಅಣ್ಣನ ಎಡೆಗೆ ಹೋಳಿಗೆಯ ಜೊತೆ ಒಂದು ಬೀಡಿ ಕಟ್ಟು ಇಟ್ಟಳು. ಇದ್ದಾಗ ಕದ್ದು ಸೇದಬೇಕಾಯಿತು ಪಾಪ, ಎಂದು ಕಣ್ಣೊರೆಸಿಕೊಂಡಳು. ಆ ಎಡೆಯ ಮುಂದೆಯೇ ಮಿಸ್ತ್ರಿ ಕುಳಿತು ಉಂಡ. ಮರುವರ್ಷವೂ ಉಂಡ. ನನ್ನ ಮೈ ಉರಿಯುತ್ತಿತ್ತು.

ಅದರ ಮುಂದಿನ ವರ್ಷ ಬಡಿಸುವ ಕೆಲಸ ನಾನು ವಹಿಸಿಕೊಂಡೆ. ಕೆಂಪು ಖಾರ ನಾನೇ ಅರೆದಿದ್ದೆ, ಕೈ ಬಿಗಿ ಹಿಡಿಯಲಿಲ್ಲ. ಅವನ ಮುಂದೆ ಖಾಲಿ ತಂಬಿಗೆ ಇಟ್ಟೆ. ನಾಲ್ಕು ತುತ್ತಿಗೆ ಬಿಕ್ಕಳಿಕೆ ಹತ್ತಿತು.

"ನೀರು ಹಾಕವಾ ತಂಗಿ..."

"ಉಂಡ ಮ್ಯಾಲ ಕೈ ತೊಳ್ಯಾಕ ಹೆಂಗೂ ನೀರು ತರೋದು ಐತೆಲ್ರಿ ಕಾಕಾ," ಎಂದೆ. "ಒಂದ ಕೆಲಸ ಎರಡ ಸಲ ಯಾಕ?"

ಅವನ ಕೈ ತಾಟಿನಲ್ಲೇ ನಿಂತಿತು. ನನ್ನ ಮುಖ ನೋಡಿದ. ಅವ್ವ ಗದರುತ್ತ ಕೊಡ ಎತ್ತಲು ಹೋದಳು, ನಾನು ಅಡ್ಡ ನಿಂತೆ. ಬಿಕ್ಕಳಿಕೆ ನಿಲ್ಲಲಿಲ್ಲ. ನಾನೂ ಕದಲಲಿಲ್ಲ.

"ಅವನ ಕೈಯಾಗ ಬೀಡಿ ಇರಲಿಲ್ಲ ಯಕ್ಕಾ," ಎಂದ ಕೊನೆಗೆ, ತಲೆ ತಗ್ಗಿಸಿ. "ನೀರು ಬ್ಯಾಡ ಅಂದಾವ ನಾನ."

ಅವ್ವ ಅಳಲಿಲ್ಲ. ಎಡೆಯ ಮುಂದಿನ ಬೀಡಿ ಕಟ್ಟನ್ನು ಎತ್ತಿ ತಂದು ಅವನ ತಾಟಿನಲ್ಲಿ, ಅನ್ನದ ಮೇಲೆ ಇಟ್ಟಳು. "ಏಳ್ರಿ," ಎಂದಳು. ಅವನು ಎಂಜಲು ಕೈಯಲ್ಲೇ ಎದ್ದು ಹೋದ. ಆ ತಿಂಗಳಲ್ಲೇ ಮನೆ ಖಾಲಿ ಮಾಡಿದ. ಎಲ್ಲಿ ಸತ್ತನೋ ಗೊತ್ತಿಲ್ಲ, ವಿಚಾರಿಸಲೂ ಇಲ್ಲ. ಕ್ಷಮಿಸಿಯೂ ಇಲ್ಲ.

ಈಗ ಅವ್ವನೂ ಇಲ್ಲ... ಅವಳ ಎಡೆಯನ್ನೂ ನಾನೇ ಇಡುತ್ತೇನೆ. ಅಣ್ಣನ ಎಡೆಗೆ ಹೋಳಿಗೆ ಇಡುವುದು ಆಮೇಲೆ. ಮೊದಲು ಒಂದು ತಂಬಿಗೆ ನೀರು ಇಡುತ್ತೇನೆ, ತುಳುಕುವಷ್ಟು ತುಂಬಿ.