ಭಾಗ್ಯ ಕೇಳಿದ ಮೆಮೊರಿ

ನಂಗೆ ಕಿವಿ ಚೆನ್ನಾಗೇ ಕೇಳುತ್ತೆ, ಕೇಳಿಸ್ಕೊಳ್ಳೋ ತಾಳ್ಮೆ ಮಾತ್ರ ಇಲ್ಲ. ಹತ್ತನೇ ಕ್ಲಾಸಲ್ಲೂ ಅದೇ ಕಥೆ. ಪ್ರಶ್ನೆ ಪೂರ್ತಿ ಓದೋಕೆ ಮುಂಚೆ ಉತ್ತರ ಬರ್ದುಬಿಡ್ತಿದ್ದೆ. ಸ್ಕೂಲು ನನ್ನ ಅಲ್ಲಿಗೇ ಬಿಡ್ತು, ನಾನೂ ಅದನ್ನ ಬಿಟ್ಟೆ. ಈಗ ಮಾಲೂರಲ್ಲಿ ಸ್ಟೇಷನ್ ರೋಡಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಕೊಂಡಿದ್ದೀನಿ. ಕೆಲಸ ಬರುತ್ತೆ. ಬರಲ್ಲ ಅಂತ ಯಾರೂ ಹೇಳಂಗಿಲ್ಲ.

ನನ್ ತಲೆನೋವು ಒಂದೇ ಪದ, ಮೆಮೊರಿ. ನಮ್ ಕಡೆ ಎಲ್ಲಾದ್ಕೂ ಅದೇ. ಫೋನಲ್ಲಿ ಹಾಡು ಹಿಡೀತಿಲ್ಲ, ಮೆಮೊರಿ ಇಲ್ಲ. ಲ್ಯಾಪ್‌ಟಾಪ್ ನಿಂತ್ಕೊಳ್ತು, ಮೆಮೊರಿ ಹೋಯ್ತು. ಶ್ರೀನಿವಾಸಪುರದಿಂದ ಒಬ್ರು ಕೀಬೋರ್ಡ್ ಮೇಲೆ ಕಾಫಿ ಚೆಲ್ಕೊಂಡು ಬಂದು, "ಮೆಮೊರಿ ಒದ್ದೆ ಆಗೈತೆ, ಒಣಗಿಸಿ ಕೊಡಪ್ಪಾ" ಅಂದ್ರು. ಹಿಂಗೆ ಹೇಳಿದ್ರೆ ಏನಂತ ಬಿಚ್ಚೋದು?

ಆದ್ರೆ ತಪ್ಪು ಪದದ್ದು ಅಂತಾನೂ ಹೇಳಂಗಿಲ್ಲ. ನಮ್ಮಮ್ಮ ಮನೇಲಿ ತೆಲುಗು, ಬೀದೀಲಿ ಕನ್ನಡ. ಎರಡ್ರಲ್ಲೂ ಅವಳಿಗೆ ಅದು ಗ್ಯಾಪ್ಕ, ಅಂದ್ರೆ ಜ್ಞಾಪಕ. "ಉಪ್ಪು ತರೋದು ಗ್ಯಾಪ್ಕ ಇಟ್ಕೋ" ಅಂತಾಳೆ. ತರದೆ ಹೋದ್ರೆ "ಗ್ಯಾಪ್ಕ ಬರ್ಲಿಲ್ವಾ?" ಅಂತಾಳೆ. ಇಟ್ಕೊಳ್ಳೋದು ಒಂದು, ಬರೋದು ಇನ್ನೊಂದು. ಹೆಸರು ಮಾತ್ರ ಎರಡಕ್ಕೂ ಒಂದೇ. ಲ್ಯಾಪ್‌ಟಾಪಲ್ಲಿ ಇವೆರಡೂ ಬೇರೆ ಬೇರೆ ಸಾಮಾನು. ಹಾರ್ಡ್ ಡಿಸ್ಕ್ ಅಂದ್ರೆ ಗೋಡೌನು, ಎಲ್ಲಾ ಅಲ್ಲಿರುತ್ತೆ. ರ‍್ಯಾಮ್ ಅಂದ್ರೆ ಸದ್ಯಕ್ಕೆ ಮಾಡ್ತಿರೋ ಕೆಲಸ ಹರಡ್ಕೊಳ್ಳೋ ಟೇಬಲ್ಲು, ಆಫ್ ಮಾಡಿದ್ರೆ ಖಾಲಿ. ಅಂಗಡಿಯೋರು ಮೆಮೊರಿ ಅಂದ್ರೆ ರ‍್ಯಾಮೇ. ನಾನೂ ಅಂಗಡಿಯೋನೇ.

ಶಿವಾರಪಟ್ಟಣದ ಭಾಗ್ಯ ಬಂದಿದ್ದು ಒಂದು ಶುಕ್ರವಾರ. ಅವರಪ್ಪ ಕಲ್ಲಲ್ಲಿ ದೇವರು ಕೆತ್ತೋರು, ಎಲ್ರೂ ಆಚಾರ್ರು ಅಂತಾರೆ. ಅಪ್ಪ ಕೆತ್ತಿದ ಒಂದೊಂದು ವಿಗ್ರಹಾನೂ ಫೋಟೋ ಹೊಡ್ದು ಲ್ಯಾಪ್‌ಟಾಪಲ್ಲಿ ಇಟ್ಟು, ಹೊಸದಕ್ಕೆ ಆರ್ಡರ್ ಹೇಳೋಕೆ ಬಂದೋರಿಗೆ ತೋರಿಸೋದು ಇವಳ ಕೆಲಸ.

"ಅಣ್ಣಾ, ಇದು ಆನ್ ಆಗೋಷ್ಟ್ರಲ್ಲಿ ಬಂದೋರು ಟೀ ಕುಡ್ದು ಎದ್ದು ಹೋಗ್ತಾರೆ. ಬುಧವಾರ ಮುಳಬಾಗಿಲು ಕಡೆ ಊರೋರು ಅಮ್ಮನೋರ ವಿಗ್ರಹ ಹೇಳೋಕೆ ಬರ್ತಾ ಅವ್ರೆ. ಈ ಸಲಾನೂ ನಿಂತ್ಕೊಂಡ್ರೆ ಅಪ್ಪ ಇದನ್ನ ಅಟ್ಟಕ್ಕೆ ಹಾಕ್ತೀನಿ ಅಂದವ್ರೆ. ಬಂದೋರ ಮುಂದೆ ನಾನು ಕೂರೋದೇ ಇದ್ರಿಂದ. ಇದು ಅಟ್ಟಕ್ಕೋದ್ರೆ ನಾನು ಮತ್ತೆ ಒಲೆ ಮುಂದಕ್ಕೆ."

"ಸರಿ, ಏನ್ ಮಾಡ್ಬೇಕು?"

"ಫಾಸ್ಟ್ ಮೆಮೊರಿ ಹಾಕು. ಒಂದೇ ಪಾರ್ಟು ಹಾಕ್ಸೋಕಾಗೋದು ಈಗ. ಈ ಫೋಟೋ ಎಲ್ಲಾ..."

"ಗೊತ್ತು ಬಿಡಮ್ಮಾ" ಅಂದೆ.

ಹಳೇ ರ‍್ಯಾಮ್ ಕಿತ್ತು, ಅದಕ್ಕಿಂತ ಸ್ಪೀಡಿಂದು ಹಾಕಿ ಕಳಿಸ್ದೆ. ಟೆಸ್ಟೂ ಮಾಡ್ಲಿಲ್ಲ. ಸೋಮವಾರ ಲ್ಯಾಪ್‌ಟಾಪ್‌ನ ಟವಲಲ್ಲಿ ಸುತ್ಕೊಂಡು ಬಂದ್ಲು, ಜೊತೇಲಿ ಆಚಾರ್ರು.

"ಏನ್ ಹಾಕ್ದೆ ಅಣ್ಣಾ?"

"ಫಾಸ್ಟ್ ಮೆಮೊರಿ."

"ಯಾರಿಗೆ ಫಾಸ್ಟು?"

ಆನ್ ಮಾಡ್ದೆ. ಸ್ಕ್ರೀನಲ್ಲಿ ಚುಕ್ಕಿ ಚುಕ್ಕಿ ಉಂಗುರ ಸುತ್ತೋಕೆ ಶುರುವಾಯ್ತು. ಆಚಾರ್ರು ಸ್ಟೂಲ್ ಮೇಲೆ ಕೂತು ನೋಡಿದ್ರು, ನೋಡಿದ್ರು. "ಏಮಯ್ಯಾ, ಪ್ರದಕ್ಷಿಣೆ ಹಾಕ್ತೈತಲ್ಲ ಇದು. ಎಷ್ಟು ಸುತ್ತು ಹರಕೆ ಹೊತ್ತೈತೆ?"

ಶುಕ್ರವಾರವೇ ಮಾಡ್ಬೇಕಾಗಿದ್ದನ್ನ ಆವಾಗ ಮಾಡ್ದೆ. ಒಳಗೆ ಯಾರು ಎಷ್ಟು ದುಡೀತಾವ್ರೆ ಅಂತ ಲ್ಯಾಪ್‌ಟಾಪೇ ತೋರಿಸುತ್ತೆ, ಅದನ್ನ ತೆಗ್ದೆ. ರ‍್ಯಾಮ್ ಅರ್ಧಕ್ಕಿಂತ ಜಾಸ್ತಿ ಖಾಲಿ, ಆರಾಮಾಗಿ ಕೂತಿದೆ. ಡಿಸ್ಕ್ ನೂರಕ್ಕೆ ನೂರು, ಏದುಸಿರು. ಹಳೇ ಕಾಲದ ತಿರುಗೋ ಡಿಸ್ಕು ಅದು. ಇನ್ನೊಂದು ಮರ್ಯಾದೆ ಹೋಗೋ ವಿಷ್ಯ. ಒಳಗಿರೋ ಮದರ್‌ಬೋರ್ಡು ನನ್ನ ಹೊಸ ರ‍್ಯಾಮ್‌ನ ಹಳೇ ಸ್ಪೀಡಲ್ಲೇ ಓಡಿಸ್ತಿತ್ತು. ಅದಕ್ಕಿಂತ ಜಾಸ್ತಿ ಅದಕ್ಕೆ ಆಗಲ್ಲ. ನಾನು ಹಾಕಿದ ಸ್ಪೀಡು ಡಬ್ಬಿ ಮೇಲೆ ಮಾತ್ರ ಇತ್ತು.

ಇದನ್ನೆಲ್ಲ ಆಚಾರ್ರಿಗೆ ಹೇಳ್ದೆ. ಅವರು ಗಡ್ಡ ಕೆರ್ಕೊಂಡು ಹೇಳಿದ್ರು.

"ನನ್ ಕೈ ಬಿರುಸು. ಆದ್ರೆ ಉಳಿ ಮೊಂಡಾಗಿ ಕುಲುಮೆಗೆ ಹೋದ್ರೆ, ಅದು ಸಾಣೆ ಆಗಿ ಬರೋಗಂಟ ಬೀಡಿ ಸೇದ್ಕೊಂಡು ಕೂತಿರ್ತೀನಿ. ನೀನೇನ್ ಮಾಡ್ದೆ? ನನ್ ಕೈಗೆ ಎಣ್ಣೆ ತಿಕ್ಕಿದೆ. ಕುಲುಮೆ ಹತ್ರಕ್ಕೆ ತರ್ಬೇಕಿತ್ತು."

ಇಷ್ಟು ವರ್ಷ ರಿಪೇರಿ ಮಾಡಿ ನಾನು ಇದನ್ನ ಇಷ್ಟು ಸಲೀಸಾಗಿ ಯಾರಿಗೂ ಹೇಳಿಲ್ಲ. ಅವರು ಲ್ಯಾಪ್‌ಟಾಪ್ ಮುಟ್ಟಿದೋರೂ ಅಲ್ಲ.

ಭಾಗ್ಯ ಬಿಡ್ಲಿಲ್ಲ. "ನಾನ್ ಕೇಳಿದ್ದೂ ಅದೇ. ಫೋಟೋ ಎಲ್ಲಾ ಇಟ್ಕೊಳ್ಳುತ್ತಲ್ಲ, ಆ ಮೆಮೊರಿ ಅಂತ. ಪೂರ್ತಿ ಹೇಳೋಕೆ ನೀನೆಲ್ಲಿ ಬಿಟ್ಟೆ?"

ಅವಳ ಪದ ತಪ್ಪು, ಕೇಳಿದ್ದು ಸರಿ. ನನ್ ಪದ ಸರಿ, ಮಾಡಿದ್ದು ತಪ್ಪು.

ರ‍್ಯಾಮ್ ವಾಪಸ್ ಕಿತ್ಕೊಂಡು ಹಳೇದನ್ನೇ ಹಾಕಿ, ಡಿಸ್ಕ್ ಜಾಗಕ್ಕೆ ಎಸ್ಸೆಸ್ಡಿ ಹಾಕ್ದೆ. ಇದರೊಳಗೆ ತಿರುಗೋದು ಏನೂ ಇಲ್ಲ, ಕೇಳಿದ ತಕ್ಷಣ ಕೊಡುತ್ತೆ. ಫೋಟೋ ಎಲ್ಲಾ ಇದಕ್ಕೆ ಇಳಿಸೋಕೆ ಅರ್ಧ ದಿನ ಹಿಡೀತು. ನೀವೂ ಇದೇ ಗೊಂದಲದಲ್ಲಿದ್ರೆ ಹೇಳ್ತೀನಿ ಕೇಳಿ. ತಿರುಗೋ ಡಿಸ್ಕ್ ಇದ್ರೆ ಮೊದ್ಲು ಅದನ್ನ ಬದಲಾಯಿಸಿ. ರ‍್ಯಾಮ್ ತುಂಬಿ ತುಳುಕ್ತಿದ್ರೆ ಇನ್ನೊಂದು ಸೇರಿಸಿ. ಇರೋ ರ‍್ಯಾಮ್ ಕಿತ್ತು ಬರೀ ಸ್ಪೀಡಿಂದು ಹಾಕ್ಸೋದು ಎಲ್ಲಾ ಆದ್ಮೇಲಿನ ಶೋಕಿ.

ಬುಧವಾರ ತಡೀಲಾರ್ದೆ ಅಂಗಡಿಗೆ ಬೀಗ ಹಾಕಿ ಶಿವಾರಪಟ್ಟಣಕ್ಕೆ ಹೋದೆ. ಶೆಡ್ಡಲ್ಲಿ ಐದು ಜನ ಯಜಮಾನ್ರು ಚಾಪೆ ಮೇಲೆ ಕೂತಿದ್ರು. ಭಾಗ್ಯ ಬಟನ್ ಒತ್ತಿದ್ಲು. ಟೀ ಇನ್ನೂ ಒಲೆ ಮೇಲಿತ್ತು, ಅಮ್ಮನೋರು ಸ್ಕ್ರೀನ್ ಮೇಲೆ ಬಂದ್ಬಿಟ್ರು. ಒಬ್ಬೊಬ್ಬರೇ, ಸಾಲಾಗಿ, ಎಲ್ಲೂ ನಿಲ್ದೆ.

ನಿಂತಿದ್ದು ಯಜಮಾನ್ರು. ಅಮ್ಮನೋರು ಕೂತಿರ್ಬೇಕು ಅಂತ ಇಬ್ರು, ನಿಂತಿರ್ಬೇಕು ಅಂತ ಇಬ್ರು. ಐದನೆಯವರು ಎರಡು ಕಡೆಗೂ ಹೂಂ ಅಂತಾರೆ. ಟೀ ಆಯ್ತು, ಊಟ ಆಯ್ತು, ಇನ್ನೊಂದು ಟೀನೂ ಆಯ್ತು. ಆಚಾರ್ರು ನನ್ ಕಿವಿ ಹತ್ರ ಬಂದು, "ಆ ಪಾರ್ಟು ಇನ್ನೂ ಐದು ಐತೇನಪ್ಪಾ? ಇವ್ರಿಗೂ ಹಾಕ್ಬಿಡು" ಅಂದ್ರು.

ಕೊನೆಗೆ ಐದನೆಯವರೇ ಸ್ಕ್ರೀನ್ ಮೇಲೆ ಬೆರಳಿಟ್ರು. ಕೂತಿರೋ ಅಮ್ಮ. ಆಚಾರ್ರು ಸೊಂಟದಿಂದ ಟೇಪು ತೆಗ್ದು ಮಗಳ ಕೈಗೆ ಕೊಟ್ರು. "ಪೀಠದ ಅಳತೆ ಕೇಳಿ ನೀನೇ ಬರ್ಕೊಳ್ಳಮ್ಮಾ." ಅವಳು ಬರ್ಕೊಂಡ್ಲು. ಅಟ್ಟದ ಮಾತು ಯಾರೂ ಎತ್ಲಿಲ್ಲ.

ಈಗ ಯಾರಾದ್ರೂ ಬಂದು ಮೆಮೊರಿ ಅಂದ್ರೆ ಬಾಯಿ ಹಾಕಲ್ಲ. "ಕೂತ್ಕೊಳ್ಳಿ, ಮೊದ್ಲಿಂದ ಹೇಳಿ" ಅಂತೀನಿ. ನೆನ್ನೆ ಒಬ್ರು ಮುಕ್ಕಾಲು ಗಂಟೆ ಹೇಳಿದ್ರು. ಅಳಿಯ ಕೊಡಿಸಿದ್ದು, ಮಗಳು ತಂದಿದ್ದು, ಎಲ್ಲಾ. ಕೊನೆಗೆ ನೋಡಿದ್ರೆ ಚಾರ್ಜರ್ ಪಿನ್ ಲೂಸು. ಆದ್ರೂ ಒಂದು ಮಾತೂ ಬಿಡ್ದೆ ಕೇಳಿಸ್ಕೊಂಡೆ, ಅದೇ ಖುಷೀಲಿ ಮನೇಗೋದೆ.

ಬಾಗಿಲಲ್ಲೇ ಅಮ್ಮ ನಿಂತಿದ್ಲು. "ಉಪ್ಪು ಏದಿರಾ?" ಉಪ್ಪೆಲ್ಲೋ ಅಂತ.

ಗ್ಯಾಪ್ಕ ಇಟ್ಕೊಂಡಿದ್ದೆ. ಬರ್ಲಿಲ್ಲ.